ಲಿಂಗ ಪತ್ತೆ ಮಾಡಲಾಗುವುದಿಲ್ಲ, ಹೊಟ್ಟೆಯೊಳಗಿನದು ಮಾತ್ರ

ಸ್ಕ್ಯಾನು, ಎಕ್ಸ್-ರೇ ನೋಡಿ ರಿಪೋರ್ಟು ಬರೆಯುವ ಡಾಕ್ಟರು, ಅಂದರೆ ರೇಡಿಯಾಲಜಿಸ್ಟ್, ಬೇಕು ಎಂಬ ಮೊನ್ನೆಯ ಆ ಜಾಹೀರಾತು ನೀವೂ ನೋಡಿರುತ್ತೀರಿ. ನನಗಂತೂ ಏಳು ಜನ ವಾಟ್ಸಾಪಿನಲ್ಲಿ ಕಳಿಸಿದರು. 'ರೇಡಿಯಾಲಜಿಸ್ಟ್ ಬೇಕಾಗಿದ್ದಾರೆ. ಗರ್ಭಿಣಿ ಸ್ಕ್ಯಾನಿಂಗಿಗೆ ಲೇಡಿ ಡಾಕ್ಟರ್. ಸಿಟಿ ಸ್ಕ್ಯಾನ್ ಮತ್ತು ನೈಟ್ ಡ್ಯೂಟಿಗೆ ಜೆಂಟ್ಸ್.' ಕೆಳಗೆ ಫೋನ್ ನಂಬರು. ಹೋಟೆಲಿನವರು ದೋಸೆಗೊಬ್ಬ ಭಟ್ಟರು, ಚಪಾತಿಗೊಬ್ಬ ಭಟ್ಟರು ಬೇಕು ಅಂತ ಹಾಕುತ್ತಾರಲ್ಲ, ಥೇಟ್ ಹಾಗೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಸಾಗರದಲ್ಲಾಗಲಿ, ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದರೂ ಬಾಗಿಲಲ್ಲೇ ಒಂದು ಬೋರ್ಡು ಕಾಣುತ್ತದೆ. ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾನೂನು. ಮೆಷಿನ್ ಇಡಬೇಕಾದರೆ ನೋಂದಣಿ ಆಗಬೇಕು. ಒಬ್ಬೊಬ್ಬ ಗರ್ಭಿಣಿಗೂ ಒಂದೊಂದು ಫಾರಂ ತುಂಬಬೇಕು. ಒಂದು ಕಾಲಂ ಖಾಲಿ ಬಿಟ್ಟರೂ ಡಾಕ್ಟರು ಕೋರ್ಟಿಗೆ ಅಲೆಯುವ ಪರಿಸ್ಥಿತಿ. ಇರಲಿ, ಬೇಕಾದದ್ದೇ. ನಾವು ಹೆಣ್ಣು ಮಕ್ಕಳಿಗೆ ಮಾಡಿದ್ದು ನೆನಪಿದ್ದವರು ಯಾರೂ ಆ ಬೋರ್ಡಿಗೆ ನಗುವುದಿಲ್ಲ.

ಆದರೆ ಮಜಾ ನೋಡಿ. ಹೊಟ್ಟೆಯೊಳಗಿರುವ ತನಕ ನೀನು ಗಂಡೋ ಹೆಣ್ಣೋ ಅಂತ ಯಾರೂ ಕೇಳುವ ಹಾಗಿಲ್ಲ. ಹುಟ್ಟಿ, ಬೆಳೆದು, ನೀಟ್ ಬರೆದು, ಎಂಬಿಬಿಎಸ್ ಮುಗಿಸಿ, ಮತ್ತೊಂದು ನೀಟ್ ಬರೆದು, ಮೂರು ವರ್ಷ ಎಂಡಿ ಮಾಡಿ, ಅದೇ ಬೋರ್ಡಿನ ಕೆಳಗೆ ಕೆಲಸ ಕೇಳಿಕೊಂಡು ಬಂದರೆ ಮೊದಲ ಪ್ರಶ್ನೆಯೇ ಅದು.

ನಮ್ಮ ಅಕ್ಕನ ಮಗಳು ಹೀಗೇ ಒಂದು ಆಸ್ಪತ್ರೆಯ ಇಂಟರ್‌ವ್ಯೂಗೆ ಹೋಗಿದ್ದಳು. ಮೂರು ಜನ ಕೂತಿದ್ದರಂತೆ. ಇವಳು ರಾತ್ರಿಯೆಲ್ಲ ಶ್ವಾಸಕೋಶದ ಸಿಟಿ ಬಗ್ಗೆ ಓದಿಕೊಂಡಿದ್ದಳು, ಪಾಪ.

"ಮದುವೆ ಆಗಿದೆಯಾ ಅಮ್ಮ?"

"ಇಲ್ಲ ಸರ್."

"ಹಾಗಾದ್ರೆ ಆಗ್ತದಲ್ಲ."

ಆಯಿತಲ್ಲ, ಮುಂದಿನದು ಬರೀ ಲೆಕ್ಕ. ಮದುವೆ ಆಗುತ್ತಾಳೆ, ಮಗು ಆಗುತ್ತದೆ, 26 ವಾರ ಸಂಬಳ ಸಹಿತ ರಜೆ ಕೊಡಬೇಕಾಗುತ್ತದೆ. ಹುಡುಗಿಗೆ ಇನ್ನೂ ಗಂಡು ಗೊತ್ತಾಗಿಲ್ಲ, ಇವರು ಬಾಣಂತನದ ತನಕ ಹೋಗಿಬಿಟ್ಟಿದ್ದರು. ಹೆತ್ತ ತಾಯಿ, ನಮ್ಮಕ್ಕ, ಅವಳೂ ಇಷ್ಟು ಮುಂದಾಲೋಚನೆ ಮಾಡಿರಲಿಲ್ಲ.

ಎರಡನೆಯವರು ಇನ್ನೂ ಕರುಣಾಮಯಿ. "ರೇಡಿಯೇಶನ್ನು ನೋಡಿ, ಹೆಣ್ಮಕ್ಕಳಿಗೆ ಒಳ್ಳೇದಲ್ಲ" ಅಂದರಂತೆ. ಅಲ್ಟ್ರಾಸೌಂಡಿನಲ್ಲಿ ರೇಡಿಯೇಶನ್ ಇಲ್ಲ. ಎಂಆರ್‌ಐನಲ್ಲೂ ಇಲ್ಲ. ಸಿಟಿಯಲ್ಲಿ ಇದೆ, ಆದರೆ ಡಾಕ್ಟರು ಕೂರುವುದು ಬೇರೆ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ. ಅದೇ ಆಸ್ಪತ್ರೆಯಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಎಕ್ಸ್-ರೇ ಕೋಣೆಯಲ್ಲಿ ಒಂದು ಮಗು ರಚ್ಚೆ ಹಿಡಿದಿತ್ತು. ಆಯಾ ಅದರ ಎರಡೂ ಕೈ ಹಿಡಿದು ಮೆಷಿನ್ನಿನ ಕೆಳಗೇ ನಿಂತಿದ್ದಳು. ರೇಡಿಯೇಶನ್ ತಡೆಯುವ ಸೀಸದ ಏಪ್ರನ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವಳು ಹೆಣ್ಣು ಎಂದು ಆ ಮೂವರಲ್ಲಿ ಒಬ್ಬರಿಗೂ ಇಷ್ಟು ವರ್ಷದಲ್ಲಿ ಗೊತ್ತಾಗಲಿಲ್ಲವೇ? ತಿಂಗಳ ಸಂಬಳ ಒಂದು ಮಟ್ಟಕ್ಕಿಂತ ಜಾಸ್ತಿ ಆದಮೇಲೆ ಮಾತ್ರ ಹೆಣ್ಣಿನ ಆರೋಗ್ಯ ನೆನಪಾಗುವುದಾ? ಇದನ್ನು ಬರೆಯುವಾಗ ನಗು ಬರುತ್ತಿಲ್ಲ, ಕ್ಷಮಿಸಿ.

1895ರಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್‌ಜನ್ ತೆಗೆದ ಆ ಪ್ರಸಿದ್ಧ ಚಿತ್ರ ಯಾರದ್ದು? ಅವನ ಹೆಂಡತಿಯ ಕೈಯದ್ದು, ಉಂಗುರ ಸಮೇತ. ಮೊದಲ ಮಹಾಯುದ್ಧದಲ್ಲಿ ಮೇರಿ ಕ್ಯೂರಿ ಎಕ್ಸ್-ರೇ ಮೆಷಿನ್ನನ್ನು ಗಾಡಿಗೆ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಗಾಯಾಳುಗಳಿದ್ದಲ್ಲಿಗೆ ಹೋದಳು. ಅಷ್ಟರಲ್ಲಿ ಎರಡು ನೊಬೆಲ್ ಬಂದಿತ್ತು. ನಮ್ಮ ಈ ಮೂವರು ಸಿಕ್ಕಿದ್ದರೆ "ಅದೆಲ್ಲ ಸರಿ ಅಮ್ಮ, ಮನೇಲಿ ಮಕ್ಕಳನ್ನ ಯಾರು ನೋಡ್ಕೋತಾರೆ?" ಎನ್ನುತ್ತಿದ್ದರು.

ಇನ್ನು ನೈಟ್ ಡ್ಯೂಟಿ. ಹೆಂಗಸರಿಗೆ ರಾತ್ರಿ ಕೆಲಸ ಆಗುವುದಿಲ್ಲವಂತೆ. ಇದನ್ನು ಮಲೆನಾಡಿನಲ್ಲಿ ಕೂತು ಹೇಳುತ್ತಾರೆ! ಅಡಿಕೆ ಕೊಯ್ಲಿನ ಕಾಲದಲ್ಲಿ ತೀರ್ಥಹಳ್ಳಿ ಕಡೆಯ ಯಾವ ಮನೆಯ ಅಂಗಳಕ್ಕಾದರೂ ಹೋಗಿ. ಬಲ್ಬು ಹಾಕಿಕೊಂಡು, ಮೆಟ್ಟುಗತ್ತಿಯ ಮೇಲೆ ಕೂತು, ಹೆಂಗಸರು ನಡುರಾತ್ರಿ ತನಕ ಸುಲಿಯುತ್ತಾರೆ. ಥಂಡಿಗೆ ತಲೆಗೊಂದು ಟವೆಲ್. ಒಂದು ಸುತ್ತು ಕಾಫಿ, ಊರಿನ ಅಷ್ಟೂ ಸುದ್ದಿ. ಯಾರ ಮಗಳು ಯಾರ ಬೈಕಿನಲ್ಲಿ ಹೋದಳು ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗುತ್ತದೆ. ಕೂಲಿ ಡಬ್ಬದ ಲೆಕ್ಕ. ಎಷ್ಟು ಡಬ್ಬ ಸುಲಿದರೆ ಅಷ್ಟು ದುಡ್ಡು. ಆಮೇಲೆ ಸುಲಿಯುವ ಮೆಷಿನ್ ಬಂತು. ಮೆಷಿನ್ನಿನಲ್ಲಿ ಕಾಯಿ ಗಾಯ ಆಗುತ್ತದೆ ಎಂದು ಮೊದಲು ಎಲ್ಲರೂ ಗೊಣಗಿದರು. ಈಗ ಆಳು ಸಿಗುವುದಿಲ್ಲ ಎಂದು ಎಲ್ಲರೂ ಅದನ್ನೇ ಕರೆಸುತ್ತಾರೆ.

ದಾರಿ ತಪ್ಪಿದೆ ಅಂದುಕೊಳ್ಳಬೇಡಿ, ರೇಡಿಯಾಲಜಿಯದೂ ಈಗ ಅದೇ ಕತೆ. ನೀಟ್ ಪಿಜಿಯಲ್ಲಿ ಒಳ್ಳೆ ರ‍್ಯಾಂಕಿನವರು ಮುಗಿಬಿದ್ದು ತೆಗೆದುಕೊಳ್ಳುವ ಸೀಟು ಅದು. ರ‍್ಯಾಂಕ್ ಇಲ್ಲದವರು ತೋಟ ಮಾರಿ ತೆಗೆದುಕೊಳ್ಳುತ್ತಾರೆ. ಹೊರಗೆ ಬಂದರೆ ಡಬ್ಬದ ಲೆಕ್ಕ. ಎಕ್ಸ್-ರೇಗೆ ಇಷ್ಟು, ಸಿಟಿಗೆ ಇಷ್ಟು. ಮೆಷಿನ್ ಇಲ್ಲಿ, ಚಿತ್ರ ಇಂಟರ್ನೆಟ್ಟಿನಲ್ಲಿ ಬೆಂಗಳೂರಿಗೆ, ರಿಪೋರ್ಟು ವಾಪಸ್. 2016ರಲ್ಲೇ ಜೆಫ್ರಿ ಹಿಂಟನ್ ಎಂಬ ಕೃತಕ ಬುದ್ಧಿಮತ್ತೆಯ ಪಂಡಿತ, ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದನ್ನು ಈಗಲೇ ನಿಲ್ಲಿಸಿ, ಐದು ವರ್ಷದಲ್ಲಿ ಕಂಪ್ಯೂಟರೇ ಅವರಿಗಿಂತ ಚೆನ್ನಾಗಿ ನೋಡುತ್ತದೆ ಅಂದಿದ್ದ. ಐದು ವರ್ಷ ಮುಗಿದು ಹೋಯಿತು. 2024ರಲ್ಲಿ ಅವನಿಗೆ ನೊಬೆಲ್ ಬಂತು, ರೇಡಿಯಾಲಜಿಸ್ಟ್‌ಗಳು ಇನ್ನೂ ರಿಪೋರ್ಟು ಬರೆಯುತ್ತಲೇ ಇದ್ದಾರೆ. ಆದರೂ ರೇಟು ಮಾತಾಡುವಾಗ ಮಾಲೀಕರು ಹೆದರಿಸುವುದು ಅದೇ ಕಂಪ್ಯೂಟರಿನ ಹೆಸರು ಹೇಳಿ.

ಗಂಡು ಹುಡುಗರೇನು ಸುಖವಾಗಿಲ್ಲ. ಸ್ಕ್ಯಾನಿಂಗಿಗೆ ಲೇಡಿ ಡಾಕ್ಟರೇ ಬೇಕು ಎಂದು ಅತ್ತೆಯರು ಪಟ್ಟು ಹಿಡಿಯುತ್ತಾರೆ. ಹಾಗಾಗಿ ಅವರು ಹುಡುಗಿಯರ ಮೇಲೆ ಸಿಟ್ಟಾಗುತ್ತಾರೆ, ಹುಡುಗಿಯರು ಅವರ ಮೇಲೆ. ವರ್ಷಕ್ಕೊಂದು ಸಮ್ಮೇಳನದಲ್ಲಿ 'ನಮ್ಮ ವೃತ್ತಿಯಲ್ಲಿ ಮಹಿಳೆ' ಎಂಬ ಗೋಷ್ಠಿ ಇಡುತ್ತಾರೆ. ಊಟ ಆದಮೇಲೆ. ರೇಟು ಕಮ್ಮಿ ಮಾಡಿದವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ.

ನಮ್ಮ ಹುಡುಗಿಗೆ ಆ ಕೆಲಸ ಸಿಗಲಿಲ್ಲ. ಈಗ ಮನೆಯ ಅಟ್ಟದ ಕೋಣೆಯಲ್ಲಿ ಕೂತು ಬೆಂಗಳೂರಿನ ಒಂದು ಕಂಪನಿಗೆ ರಾತ್ರಿ ರಿಪೋರ್ಟು ಬರೆಯುತ್ತಾಳೆ. ಕರೆಂಟ್ ಹೋದರೆ ಯುಪಿಎಸ್, ಮಳೆ ಬಂದು ನೆಟ್ ಹೋದರೆ ಅಕ್ಕನ ಮೊಬೈಲು. ಒಂದು ರಾತ್ರಿ ತೆರೆದ ಸಿಟಿಯ ಮೂಲೆಯಲ್ಲಿ ಅದೇ ಆಸ್ಪತ್ರೆಯ ಹೆಸರಿತ್ತು. ಅಲ್ಲಿ ನೈಟ್ ಡ್ಯೂಟಿಗೆ ಜೆಂಟ್ಸ್ ಯಾರೂ ಬಂದಿಲ್ಲ, ಹೊರಗೆ ಕೊಟ್ಟಿದ್ದಾರೆ. ರಿಪೋರ್ಟಿನಡಿ ಇವಳ ಇನಿಷಿಯಲ್ ಮಾತ್ರ ಇರುತ್ತದೆ. ಹೋದ ವಾರ ಅಲ್ಲಿಂದ ಕಂಪನಿಗೆ ಮೆಸೇಜ್ ಬಂದಿದೆ. ರಾತ್ರಿ ನೋಡುವ ಸರ್ ಚೆನ್ನಾಗಿ ಬರೆಯುತ್ತಾರೆ, ಅವರನ್ನೇ ಹಾಕಿ ಎಂದು.

"ಸರ್ ಅಂದಿದ್ದಕ್ಕೆ ಸಿಟಿಗೆ ಹತ್ತು ರೂಪಾಯಿ ಜಾಸ್ತಿ ಕೊಡ್ತಾರಾ, ಸ್ವಲ್ಪ ವಿಚಾರಿಸು ಮಾವ" ಎಂದಳು.