ಹೇಗೂ ಬಿಚ್ಚಿದೀವಲ್ಲ ಸಾರ್

ಆಯಿಲ್ ಚೇಂಜ್ ಅಂದರೆ ಬರೀ ಆಯಿಲ್ ಚೇಂಜ್ ಅಂತ ನಂಬುವವರು ಹೊಸ ಗಾಡಿ ಇಟ್ಟುಕೊಂಡವರು. ನಮ್ಮದು 2010ರ ಡೀಸೆಲ್ ಎಸ್‌ಯುವಿ. ಆರು ಲೀಟರ್ ಆಯಿಲು, ಒಂದು ಫಿಲ್ಟರು ಅಂತ ಗ್ಯಾರೇಜಿಗೆ ಹೋಗುತ್ತದೆ. ಹೊರಗೆ ಬರುವಾಗ ಬಿಲ್ಲು ಎರಡು ಪುಟ ಇರುತ್ತದೆ.

ಗಾಡಿ ಲಿಫ್ಟ್ ಮೇಲೆ ಏರುವವರೆಗೂ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ನಮ್ಮ ಮೆಕ್ಯಾನಿಕ್ ಟಾರ್ಚ್ ಹಿಡಿದು ಅಡಿಗೆ ಹೋಗುತ್ತಾರೆ. ರಾಡ್ ಹಾಕಿ ಅಲ್ಲಿ ಇಲ್ಲಿ ಮೀಟುತ್ತಾರೆ. ಮಾತಿಲ್ಲ. ಕೊನೆಗೊಂದು "ತ್ಚು ತ್ಚು". ಬಿಲ್ಲಿನ ಎರಡನೇ ಪುಟ ಶುರುವಾಗುವುದು ಅಲ್ಲಿಂದಲೇ.

"ಲೋಯರ್ ಆರ್ಮ್ ಬುಷ್ ಹೋಗಿದೆ ಸಾರ್."

ಬುಷ್ ಅಂದರೆ ರಬ್ಬರ್ ತುಂಡು, ಕೆಲವು ನೂರು ರೂಪಾಯಿ. ಆದರೆ ಅದನ್ನು ತೆಗೆಯಲು ಆರ್ಮ್, ಅಂದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು, ಬಿಚ್ಚಬೇಕು. "ಹೇಗೂ ಬಿಚ್ಚಿದೀವಲ್ಲ ಸಾರ್, ಬಾಲ್ ಜಾಯಿಂಟೂ ಹಾಕ್ಬಿಡೋಣ." ಸರಿ. ಆರ್ಮ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಅಲೈನ್‌ಮೆಂಟ್ ಹುಡುಗ ಟೈರ್ ನೋಡಿ, ಒಳಗಡೆ ಅಂಚು ಸವೆದಿದೆ ಅಂತಾನೆ. ಟೈರ್ ಅಂಗಡಿಯವರು ಒಂದೇ ಟೈರ್ ಹಾಕಬಾರದು, ಜೋಡಿಯೇ ಹಾಕಬೇಕು ಅಂತಾರೆ. ತಮಾಷೆ ಅಂದ್ರೆ, ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕ್ಲಚ್ ವಿಷಯವಂತೂ ಕೇಳಲೇಬೇಡಿ. ಪ್ಲೇಟ್ ಒಂದೇ ಸವೆದಿತ್ತು. ಅದಕ್ಕೆ ಇಡೀ ಗೇರ್‌ಬಾಕ್ಸ್ ಇಳಿಸಬೇಕು. ಲೇಬರ್ ಅಲ್ಲೇ ಹೋಗುತ್ತದೆ. ಇಳಿಸಿದ ಮೇಲೆ ಕ್ಲಚ್ಚಿನದೇ ಉಳಿದ ಭಾಗಗಳು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಹಳೆಯದನ್ನೇ ಬಿಟ್ಟರೆ, ನಾಳೆ ಅದು ಕೈಕೊಟ್ಟಾಗ ಮತ್ತೆ ಅದೇ ಲೇಬರ್. ಲೆಕ್ಕ ಸರಿಯೇ. ಟೈಮಿಂಗ್ ಬೆಲ್ಟ್ ಇರುವ ಹಲವು ಗಾಡಿಗಳಲ್ಲಿ ಬೆಲ್ಟ್ ಜೊತೆಗೇ ವಾಟರ್ ಪಂಪ್ ಹಾಕುವುದೂ ಇದೇ ಲೆಕ್ಕದಲ್ಲಿ. ನನ್ನ ಹೆಂಡತಿ ಈ ಲೆಕ್ಕವನ್ನು ಬೇಗ ಕಲಿತಳು. ಅಡುಗೆಮನೆ ನಲ್ಲಿ ರಿಪೇರಿಗೆ ಪ್ಲಂಬರ್ ಬಂದ ದಿನ, "ಹೇಗೂ ಬಿಚ್ಚಿದಾರಲ್ಲ, ಸಿಂಕೂ ಬದಲಾಯಿಸಿಬಿಡೋಣ" ಅಂದಳು. ಎದುರು ಮಾತಾಡಲು ನನಗೆ ಯಾವ ಮುಖ ಇತ್ತು?

ದುಡ್ಡು ಉಳಿಸೋಣ ಅಂತ ನಾನೇ ಬೆಂಗಳೂರಿನ ಜೆ.ಸಿ. ರಸ್ತೆಗೆ ಪಾರ್ಟ್ಸ್ ತರಲು ಹೋಗಿದ್ದೂ ಉಂಟು. "ಕಂಪನಿದಾ, ಲೋಕಲ್ಲಾ?" ಅಂತ ಕೇಳಿದರು. ಬೆಲೆ ಕೇಳಿದೆ. ಕಂಪನಿಯದು ಕೇಳಿ ಬೆವರು ಬಂತು, ಲೋಕಲ್‌ದು ಕೇಳಿ ಅನುಮಾನ ಬಂತು. ಕಂಪನಿಯದನ್ನೇ ತಂದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದಾಗ ಮನೆಯಲ್ಲಿ ಖುಷಿಪಟ್ಟವನು ನಾನೊಬ್ಬನೇ. ಅದೇ ವಾರ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಯಿತು. ಗಾಡಿಗೂ ಸುದ್ದಿ ಗೊತ್ತಾಗಿರಬೇಕು.

ಅದೇ ವರ್ಷ ಹದಿನೈದು ತುಂಬಿ ಆರ್‌ಸಿ ರಿನ್ಯೂವಲ್ಲೂ ಬಂತು. ಶುಲ್ಕ 5,000 ರೂಪಾಯಿ, ಮೇಲೆ ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ. ಸಿಗುವುದು ಇನ್ನೈದು ವರ್ಷ. ತಪಾಸಣೆಗೆ ಲೈಟು, ಇಂಡಿಕೇಟರು, ಹಾರ್ನ್ ಎಲ್ಲ ಸರಿ ಇರಬೇಕಲ್ವಾ, ಅದಕ್ಕೆ ಮತ್ತೊಂದು ಸುತ್ತು ಗ್ಯಾರೇಜು. ಹಾರ್ನ್ ನೋಡಲು ಬಾನೆಟ್ ಎತ್ತಿದರು. ರೇಡಿಯೇಟರ್ ಹೋಸ್ ಕಣ್ಣಿಗೆ ಬಿತ್ತು.

ಆವತ್ತು ತಲೆ ಕೆಟ್ಟು, "ಸಾಕಪ್ಪಾ, ಮಾರಿಬಿಡ್ತೀನಿ" ಅಂದೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ಹತ್ತಿರ ಬಂದರು.

"ಮಾರೋದಾದ್ರೆ ನನಗೇ ಹೇಳಿ ಸಾರ್. ಎಲ್ಲಾ ಹೊಸದೇ ಹಾಕಿದೀವಿ. ಇನ್ನು ಹತ್ತು ವರ್ಷ ಏನೂ ಖರ್ಚಿಲ್ಲ."