ಔಟ್‌ಬಾಕ್ಸಿನ ಸೆರೆಯಾಳುಗಳು

ನಿನ್ನೆ ಸಂಜೆಯಿಂದ ನನಗೂ ನನ್ನ ಕಂಪ್ಯೂಟರಿಗೂ ಮಾತಿಲ್ಲ.

ಸಂಪಾದಕರಿಗೆ ಒಂದು ಲೇಖನ ಕಳುಹಿಸಬೇಕಿತ್ತು, ಅಷ್ಟೇ. ಗುಂಡಿ ಒತ್ತಿದೆ. ಇಮೇಲ್ ಔಟ್‌ಬಾಕ್ಸಿನವರೆಗೆ ಹೋಗಿ, ಹೊಸಿಲು ದಾಟಲು ಒಲ್ಲೆನೆಂದು ಕುಳಿತುಬಿಟ್ಟಿತು. ಒಳಬರುವವರಿಗೆ ಮಾತ್ರ ಯಾವ ತಡೆಯೂ ಇಲ್ಲ. ಸಾಲ ಕೊಡುತ್ತೇವೆ ಎನ್ನುವವರು, ನಿಮಗೆ ಲಾಟರಿ ಹೊಡೆದಿದೆ ಎನ್ನುವವರು ರಾಜಾರೋಷವಾಗಿ ಬರುತ್ತಲೇ ಇದ್ದರು.

ಮೋಡೆಮ್ ಆರಿಸಿ ಹಚ್ಚಿದೆ. ಪಾಸ್‌ವರ್ಡ್ ಬದಲಿಸಿದೆ. ಇಮೇಲ್ ಹೊರಹೋಗುವ ಬಾಗಿಲಿನ ನಂಬರಾದ ಪೋರ್ಟ್ ಸಂಖ್ಯೆಯನ್ನು 587ರಿಂದ 465ಕ್ಕೆ, ಅಲ್ಲಿಂದ ಮತ್ತೆ 587ಕ್ಕೆ ಒಯ್ದೆ. ಕೊನೆಗೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಎಲ್ಲವನ್ನೂ ಶಾಂತವಾಗಿ ಕೇಳಿ, “ಮಾಮ, ಅಲ್ಲಿ ಏನು ಬರುತ್ತಿದೆಯೋ ಅದರ ಸ್ಕ್ರೀನ್‌ಶಾಟ್ ತೆಗೆದು ನನಗೆ ಮೇಲ್ ಮಾಡಿಬಿಡಿ” ಎಂದ. ಫೋನ್ ಇಟ್ಟುಬಿಟ್ಟೆ.

ಅಷ್ಟರಲ್ಲಿ ಪರದೆಯ ಮೂಲೆಯಿಂದ ಹಸಿರು ಚೌಕವೊಂದು ಎದ್ದು, “ನೀವು ಸುರಕ್ಷಿತವಾಗಿದ್ದೀರಿ” ಎಂದಿತು. ಕಳ್ಳ ಸಿಕ್ಕಿದ್ದು ಆಗಲೇ. ನನ್ನ ಆ್ಯಂಟಿವೈರಸ್ ಇಮೇಲ್ ಪ್ರೋಗ್ರಾಮಿಗೂ ಸರ್ವರಿಗೂ ನಡುವೆ ನಿಂತು, ಮೊಹರು ಹಾಕಿದ ಲಕೋಟೆಯನ್ನು ಒಡೆದು ಓದಿ, ತನ್ನದೇ ಮೊಹರು ಒತ್ತುತ್ತಿತ್ತು. ಇಮೇಲ್ ಪ್ರೋಗ್ರಾಮ್ ಆ ಮೊಹರನ್ನು ನೋಡಿ, ಇದು ಯಾರದೋ ಪರಕೀಯನ ಸರ್ಟಿಫಿಕೇಟ್ ಎಂದು ಸಂಪರ್ಕವನ್ನೇ ಕಡಿಯುತ್ತಿತ್ತು. ಇಬ್ಬರೂ ಕರ್ತವ್ಯನಿಷ್ಠರು, ಇಬ್ಬರೂ ನನ್ನ ಹಿತೈಷಿಗಳು.

ಹೊರಹೋಗುವ ಇಮೇಲ್‌ಗಳ ಮೇಲೆ ಆ್ಯಂಟಿವೈರಸ್ಸಿಗಿರುವ ಈ ಅನುಮಾನಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು, ಒಪ್ಪುತ್ತೇನೆ. 1999ರ ಮೆಲಿಸ್ಸಾ ವೈರಸ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಐವತ್ತು ಓದುಗರು! ನನ್ನ ಯಾವ ಲೇಖನಕ್ಕೂ ಆ ಭಾಗ್ಯ ಬಂದಿಲ್ಲ.

ಸೆಟ್ಟಿಂಗ್ಸ್‌ನೊಳಗೆ ತಡಕಾಡಿ, ಹೊರಹೋಗುವ ಇಮೇಲ್‌ಗಳ ತಪಾಸಣೆಯೊಂದನ್ನು ಮಾತ್ರ ನಿಲ್ಲಿಸಲು ಹೊರಟೆ. ಹಸಿರು ಚೌಕ ಕೆಂಪಾಯಿತು. ಎಷ್ಟು ಹೊತ್ತು ನಿಲ್ಲಿಸಲಿ, 10 ನಿಮಿಷವೇ, ಒಂದು ಗಂಟೆಯೇ, ಶಾಶ್ವತವಾಗಿಯೇ ಎಂದು ಮುನಿದ ದನಿಯಲ್ಲಿ ಕೇಳಿತು. ಶಾಶ್ವತವಾಗಿ ಎಂದೆ. ಜನ್ಮದಲ್ಲಿ ಅಷ್ಟು ದೃಢವಾಗಿ ನಾನು ಯಾರಿಗೂ ಉತ್ತರಿಸಿರಲಿಲ್ಲ.

ಹೋಯಿತು. ಒಂದಲ್ಲ, ಏಳು.

ಗುಂಡಿ ಒತ್ತಿದ್ದೆಲ್ಲ ಔಟ್‌ಬಾಕ್ಸಿನಲ್ಲಿ ಸಾಲಾಗಿ ಕಾದಿತ್ತೆಂಬುದು ನನಗೆ ಹೊಳೆದೇ ಇರಲಿಲ್ಲ. ಮೊದಲನೆಯದು ಲೇಖನ, “ಮಾನ್ಯರೇ” ಎಂಬ ಒಕ್ಕಣೆಯೊಂದಿಗೆ. ಎರಡನೆಯದೂ ಅದೇ ಲೇಖನ, ಒಕ್ಕಣೆಯಿಲ್ಲದೆ. ಫೈಲು ಭಾರವಾಯಿತೇನೋ ಎಂಬ ಗುಮಾನಿಯಿಂದ ಮೂರನೆಯದರಲ್ಲಿ ಬರೀ “ಪರೀಕ್ಷೆ”. ನಾಲ್ಕನೆಯದು “ಪರೀಕ್ಷೆ ಪರೀಕ್ಷೆ”. ಐದನೆಯದರಲ್ಲಿ ಭಾಷೆಯ ಮೇಲಿನ ನಂಬಿಕೆ ಕಳೆದು “ಅಅಅಅ”. ಆರನೆಯದು “ಈಗಲಾದರೂ ಹೋಗುತ್ತೀಯೋ ಇಲ್ಲವೋ?” ಏಳನೆಯದು “ಶನಿಯೇ, ನಿನ್ನಿಂದ ನನ್ನ ಒಂದು ದಿನ ಹಾಳಾಯಿತು.” ವಿಳಾಸದ ಜಾಗದಲ್ಲಿ ಒಂದಕ್ಷರ ಒತ್ತಿದರೆ ಸಂಪಾದಕರೇ ಓಡಿಬಂದು ನಿಲ್ಲುತ್ತಿದ್ದರು. ಹೇಗೂ ಹೋಗುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ನಾನೂ ಅವರನ್ನು ಬದಲಿಸಲಿಲ್ಲ.

ಕಾಗದದ ಕಾಲದಲ್ಲಿ ಸಿಟ್ಟಿನಲ್ಲಿ ಬರೆದ ಪತ್ರ ಎರಡು ದಿನ ಜೇಬಿನಲ್ಲೇ ಮಲಗಿರುತ್ತಿತ್ತು. ಮೂರನೆಯ ದಿನ ತೆಗೆದು ಓದಿದರೆ ಬರೆದವನಿಗೇ ನಾಚಿಕೆ. ಹಾಗೆ ಹರಿದು ಹಾಕಿದ ಪತ್ರಗಳಿಂದಲೇ ನನ್ನ ಎಷ್ಟೋ ಸ್ನೇಹಗಳು ಇಂದಿಗೂ ಉಳಿದಿವೆ. ಯೋಚಿಸಿದರೆ ಔಟ್‌ಬಾಕ್ಸೂ ನಿನ್ನೆ ಮಾಡಿದ್ದು ಅದನ್ನೇ.

ಸಂಪಾದಕರ ಉತ್ತರ ಇನ್ನೂ ಬಂದಿಲ್ಲ. ಒಳಬರುವ ದಾರಿಯೇನೋ ಸರಿಯಾಗಿಯೇ ಇದೆ. ಈಗಷ್ಟೇ ಇನ್ನೊಂದು ಲಾಟರಿ ಹೊಡೆಯಿತು.