‘ಹಾಸನ ಗೆ’ ಎಂದು ಬರೆಯುವ ತಂತ್ರಾಂಶಗಳು

ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಒಂದರ ಭಾಷೆಯನ್ನು ಇಂದು ಕನ್ನಡಕ್ಕೆ ಬದಲಿಸಿಕೊಂಡಾಗ ಕಂಡ ಮೊದಲ ಸಾಲು ‘ಮೈಸೂರು ಇಂದ ಹಾಸನ ಗೆ 4 ಬಸ್‌ಗಳು’. ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಆ ಸಿಟ್ಟು ಅನುವಾದಕರ ಮೇಲಲ್ಲ. ‘ಇಂದ’, ‘ಗೆ’ ಎಂಬ ತುಂಡುಗಳನ್ನಷ್ಟೇ ಅವರ ಮುಂದಿಟ್ಟು ಕನ್ನಡ ಮಾಡಿಕೊಡಿ ಎಂದವರ ಮೇಲೆ.

ನಾನು ಸ್ಥಳೀಕರಣದ, ಅಂದರೆ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುವವನು. ಗ್ನೂ ಗೆಟ್‌ಟೆಕ್ಸ್ಟ್ ಎಂಬ ಅನುವಾದ ವ್ಯವಸ್ಥೆಯನ್ನು ಬಳಸುವ ತಂತ್ರಾಂಶಗಳಲ್ಲಿ ಪರದೆಯ ಮೇಲಿನ ಸಾಲುಗಳೆಲ್ಲ ಪಿಒ ಎಂಬ ಬಗೆಯ ಅನುವಾದ ಕಡತವೊಂದರಲ್ಲಿ ನಮ್ಮ ಕೈಗೆ ಬರುತ್ತವೆ. ಇಡೀ ವಾಕ್ಯ ಬಂದರೆ, ಊರಿನ ಹೆಸರು ಕೂರುವ ಜಾಗವನ್ನು ಹಿಂದೆ ಮುಂದೆ ಮಾಡಿ ಕನ್ನಡದ ಜಾಯಮಾನಕ್ಕೆ ಒಗ್ಗುವಂತೆ ಬರೆಯಬಹುದು. ಪ್ರೋಗ್ರಾಮರ್ ಆ ವಾಕ್ಯವನ್ನು ಕೋಡಿನಲ್ಲೇ ಕತ್ತರಿಸಿ ಕಳಿಸಿದರೆ ನಾವು ಅನುವಾದಕ್ಕೆ ಬಳಸುವ ವೆಬ್ಲೇಟ್ ಆಗಲಿ ಪೊಎಡಿಟ್ ಆಗಲಿ ಅದನ್ನು ಮತ್ತೆ ಕೂಡಿಸಿಕೊಡಲಾರವು. ಇಂಗ್ಲಿಷಿನಲ್ಲಿ ಊರು ಯಾವುದಾದರೂ ಪಕ್ಕದ ಪದ ಬದಲಾಗುವುದಿಲ್ಲ. ನಮ್ಮಲ್ಲಿ ಹಾಸನಕ್ಕೆ, ಮೈಸೂರಿಗೆ, ಶಿರಸಿಗೆ. ಹೆಸರಿನ ಕೊನೆಯನ್ನು ನೋಡಿಕೊಂಡೇ ಪ್ರತ್ಯಯ ಸೇರುತ್ತದೆ.

ಇದಕ್ಕೆ ಪರಿಹಾರವಿಲ್ಲದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಫ್ಲುಯೆಂಟ್ ಎಂಬ ಅನುವಾದ ವ್ಯವಸ್ಥೆಯಲ್ಲಿ ತಂತ್ರಾಂಶದ ಹೆಸರಿನಂಥ ಪದವೊಂದರ ವಿಭಕ್ತಿ ರೂಪಗಳನ್ನು ಅನುವಾದಕರೇ ಬರೆದಿಟ್ಟು, ಬೇಕಾದ ಕಡೆ ಬೇಕಾದ ರೂಪವನ್ನು ಕರೆಯಬಹುದು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿಯಲ್ಲಿ ಫಿನ್ನಿಷ್ ಭಾಷೆಯ ವಿಭಕ್ತಿ ನಿಯಮಗಳು ಕೋಡಿನಲ್ಲೇ ಇವೆ. ಟ್ರಾನ್ಸ್‌ಲೇಟ್‌ವಿಕಿ ಎಂಬ ಅನುವಾದ ತಾಣದಲ್ಲಿ ಸಂದೇಶ ಎಲ್ಲಿ, ಯಾವ ಸಂದರ್ಭದಲ್ಲಿ ಕಾಣಿಸುತ್ತದೆ ಎಂಬ ವಿವರಣೆಯನ್ನು ಬರೆದಿಡಲು ‘ಕ್ಯೂಕ್ಯೂಕ್ಯೂ’ ಎಂಬ ಪ್ರತ್ಯೇಕ ಭಾಷಾ ಸಂಕೇತವನ್ನೇ ಮೀಸಲಿಟ್ಟಿದ್ದಾರೆ. ಇವ್ಯಾವುದೂ ಬೇಡವೆನ್ನುವವರು ‘ಹೊರಡುವ ಊರು: ಮೈಸೂರು, ತಲುಪುವ ಊರು: ಹಾಸನ’ ಎಂದು ಬರೆಯಲಾದರೂ ಅವಕಾಶ ಕೊಡಬಹುದಿತ್ತು. ವಾಕ್ಯವನ್ನು ಕತ್ತರಿಸಿದ ಮೇಲೆ ಅದಕ್ಕೂ ದಾರಿ ಉಳಿಯುವುದಿಲ್ಲ.

ಈಗ ಯಂತ್ರಾನುವಾದ ಬಂದಿದೆಯಲ್ಲ, ಇದೆಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಯಂತ್ರಕ್ಕೂ ಸಿಗುವುದು ಅದೇ ತುಂಡು. ಊರಿನ ಹೆಸರು ಬಂದು ಸೇರುವುದು ಆ್ಯಪ್ ಓಡುವಾಗ. ಅನುವಾದ ಮುಗಿದಿರುವುದು ಅದಕ್ಕೂ ಬಹಳ ಮೊದಲು. ‘ಅರ್ಥವಾಗುತ್ತದಲ್ಲ, ಸಾಕು’ ಎನ್ನುವವರ ಮಾತನ್ನಂತೂ ನಾನು ಒಪ್ಪಲಾರೆ. ಕನ್ನಡವನ್ನಷ್ಟೇ ಓದುವ ನನ್ನ ಅಮ್ಮ ಇಂಥ ಸಾಲು ಕಂಡಾಗಲೆಲ್ಲ, ಎಲ್ಲಿ ತಪ್ಪು ಒತ್ತಿಬಿಡುತ್ತೇನೋ ಎಂದು ಹೆದರಿ ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಾರೆ. ಅವರಿಗಾಗಿಯೇ ತಾನೇ ಕನ್ನಡದ ಆಯ್ಕೆ ಇರುವುದು?

ಆ ಕಂಪನಿಗೆ ಪತ್ರ ಬರೆದಿದ್ದೇನೆ. ತುಂಡುಗಳ ಬದಲು ಇಡೀ ವಾಕ್ಯ ಕಳಿಸಿ, ಜೊತೆಗೆ ನಿಮ್ಮ ಬಸ್ಸುಗಳು ನಿಲ್ಲುವ ಊರುಗಳ ಪಟ್ಟಿಯನ್ನೂ ಕೊಡಿ. ಪ್ರತಿಯೊಂದು ಊರಿಗೂ ‘ಇಂದ’ ಮತ್ತು ‘ಗೆ’ ಸೇರಿದ ರೂಪಗಳನ್ನು ನಾನೇ ಬರೆದುಕೊಡುತ್ತೇನೆ, ಹಣ ಬೇಡ ಎಂದು ತಿಳಿಸಿದ್ದೇನೆ.